ಗರಸು ಗುಂಡಿಯ ಕೆಟ್ಟ ಮೂಲೆ

ಹೊರಡುವ ಮೊದಲು: ಬಿಳಿಗೆರೆ ಹೋಬಳಿ

ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಭೂಮಿಯನ್ನು ಒತ್ತುವುದು. ಮೊದಲು ರಸ್ತೆ ರೋಲರಿನ ಡ್ರೈವರಾಗಿ, ಆಮೇಲೆ ರಸ್ತೆ ಕೆಲಸದ ಮೇಸ್ತ್ರಿಯಾಗಿ. ನಂಜನಗೂಡಿನಿಂದ ಟಿ. ನರಸೀಪುರದವರೆಗೆ ನಾನು ಒತ್ತದ ರಸ್ತೆ ಕಡಿಮೆ. ನಂಜುಂಡಯ್ಯ ಎಂಬ ನನ್ನ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ಊರಿಗೆ ನಾನು ರೋಲರ್ ಸಾ. ನಿವೃತ್ತನಾದ ಮೇಲೂ ಬಸ್ಸಿನಲ್ಲಿ ಕೂತರೆ ನನ್ನ ಕಣ್ಣು ಕಿಟಕಿಯ ಆಚೆ ಹೋಗುವುದಿಲ್ಲ. ಸೊಂಟವೇ ರಸ್ತೆಯನ್ನು ಓದುತ್ತಿರುತ್ತದೆ: ಇಲ್ಲಿ ನೀರು ಸಾಕಷ್ಟು ಹೊಡೆದಿಲ್ಲ, ಇಲ್ಲಿ ಎರಡು ಸುತ್ತು ಕಡಿಮೆಯಾಗಿದೆ.

ಇಂಥ ಮನುಷ್ಯ ಇಂಗ್ಲೆಂಡ್ ನೋಡಿ ಬಂದದ್ದು ಒಂದು ಗುಂಡಿಯ ದೆಸೆಯಿಂದ. ನಮ್ಮೂರಿನ ಪಡುವಣಕ್ಕೆ ಗರಸು ತೆಗೆಯುತ್ತಿದ್ದ ದೊಡ್ಡ ಗುಂಡಿಯೊಂದಿತ್ತು. ಸುತ್ತಲಿನ ರಸ್ತೆಗಳಿಗೆಲ್ಲ ಕೆಂಪು ಗರಸು ಹೋದದ್ದು ಅಲ್ಲಿಂದಲೇ. ಗರಸು ಮುಗಿದ ಮೇಲೆ ಆ ಜಾಗವನ್ನು ಊರಿನ ಹನ್ನೊಂದು ಭೂಮಿಯಿಲ್ಲದ ಮನೆಗಳಿಗೆ ಸಾಗುವಳಿಗೆಂದು ಕೊಟ್ಟರು. ಗುಂಡಿ ಮುಚ್ಚಿ, ಬದಿಗೆ ಏರಿ ಹಾಕಿ ಇಟ್ಟಿದ್ದ ಮೇಲ್ಮಣ್ಣನ್ನು ಹರಡಿ, ಸಮ ಮಾಡಿಕೊಡಬೇಕಿತ್ತು. ಆ ಕೆಲಸ ನೋಡಿಕೊಳ್ಳಲು ಪಂಚಾಯಿತಿಯವರು ಯಾರನ್ನು ಕರೆದರು? ನನ್ನನ್ನೇ.

ನಾನು ಬಿಡುತ್ತೇನೆಯೇ? ಹಳೆಯ ಸ್ನೇಹಿತನ ರೋಲರನ್ನೇ ತರಿಸಿದೆ. ಮಣ್ಣು ಹಾಕಿಸಿದೆ, ನೀರು ಹೊಡೆಸಿದೆ, ಒತ್ತಿಸಿದೆ. ಮತ್ತೆ ಮಣ್ಣು, ಮತ್ತೆ ನೀರು, ಮತ್ತೆ ರೋಲರು. ಮುಗಿದಾಗ ಆ ನೆಲ ಊಟದ ತಟ್ಟೆಯ ಹಾಗೆ ಇತ್ತು. ಊರಿನವರು ಬಂದು ನೋಡಿ ತಲೆದೂಗಿದರು. ನನಗೆ ಹಾರ ಹಾಕಿ ಫೋಟೋ ಕೂಡ ತೆಗೆದರು.

ಮೊದಲ ವರ್ಷ ರಾಗಿ ಗೇಣುದ್ದ ಬಂದು ಹಳದಿಯಾಯಿತು. ಎರಡನೆಯ ವರ್ಷ ಹುರುಳಿ ಅಷ್ಟೂ ಬರಲಿಲ್ಲ. ಮಳೆ ಬಿದ್ದರೆ ನೀರು ನಿಂತಲ್ಲೇ ನಿಲ್ಲುತ್ತಿತ್ತು, ಬಿಸಿಲು ಬಿದ್ದರೆ ನೆಲ ಕಾದ ಹೆಂಚಾಗುತ್ತಿತ್ತು. ಗರಸು ತೆಗೆದ ಜಾಗ, ಸತ್ವ ಹೋಗಿದೆ ಎಂದು ಎಲ್ಲರೂ ಅಂದರು. ಎಲ್ಲರಿಗಿಂತ ಜೋರಾಗಿ ಅಂದವನು ನಾನು. ಮೂರನೆಯ ವರ್ಷ ತಾಲ್ಲೂಕು ಕಚೇರಿಯಿಂದ ಮಾತು ಬಂತು: ಈ ಸಲವೂ ಬೆಳೆ ನಿಂತಿರದಿದ್ದರೆ ಪಾಳು ಎಂದು ಬರೆದು ಜಮೀನನ್ನು ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ.

ಆ ಹನ್ನೊಂದು ಮನೆಗಳಲ್ಲಿ ಒಂದು ಚಿಕ್ಕತಾಯಮ್ಮನದು. ಐವತ್ತರ ಹತ್ತಿರದ ಹೆಂಗಸು, ಬಾಗಿಲ ಮೇಲೆ ಬುದ್ಧನ ಪಟ, ಬಾಯಲ್ಲಿ ಯಾವಾಗಲೂ ಒಂದು ಪ್ರಶ್ನೆ. ತವರು ಬನ್ನೂರಿನ ಹತ್ತಿರ, ಅಲ್ಲಿ ಇನ್ನೊಬ್ಬರ ಗದ್ದೆಯಲ್ಲಿ ನಾಟಿ ಹಾಕಿ ಬೆಳೆದವಳು. ತನ್ನದೆಂದು ಒಂದು ತುಂಡು ನೆಲ ಕೈಗೆ ಬಂದದ್ದು ಇದೇ ಮೊದಲು. ಸತ್ತ ರಾಗಿ ಪೈರನ್ನು ಕಿತ್ತು, ಫೋನಿನಲ್ಲಿ ಫೋಟೋ ತೆಗೆದು, ಅವಳು ನನ್ನ ಜಗುಲಿಗೆ ಬಂದಿದ್ದಳು.

"ನೋಡ್ ಸಾ, ಬೇರು ಕೆಳೀಕೆ ಓಗಿಲ್ಲ. ಅಡ್ಡಕ್ಕೆ ಮಡಿಚ್ಕಂಡದೆ. ಯಾಕ್ ಸಾ?"

"ಸತ್ವ ಇಲ್ಲದ ಮಣ್ಣು ಕಣಮ್ಮ, ಬೇರು ಇನ್ನೇನು ಮಾಡುತ್ತೆ" ಎಂದು ಕಳಿಸಿದ್ದೆ. ಆ ಮಾತು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಗಣಿ ಮುಗಿದ ನೆಲವನ್ನು ಮತ್ತೆ ಹಸನು ಮಾಡಿಸುವ ಒಂದು ಸಂಸ್ಥೆಯವರು ನಮ್ಮ ಗುಂಡಿಯ ಸುದ್ದಿ ಕೇಳಿ ಬಂದರು. ಇಂಗ್ಲೆಂಡಿನಲ್ಲಿ ಜಲ್ಲಿ ತೆಗೆದ ಗುಂಡಿಗಳನ್ನು ಹೊಲ ಮಾಡಿರುವ ಕಡೆ ಇಬ್ಬರನ್ನು ಹತ್ತು ದಿನ ಕಳಿಸುತ್ತೇವೆ, ಒಬ್ಬರು ಜಮೀನಿನವರು, ಒಬ್ಬರು ಯಂತ್ರ ಮತ್ತು ಇಂಗ್ಲಿಷ್ ಬಲ್ಲವರು ಎಂದರು. ಹನ್ನೊಂದು ಮನೆಯವರು ಚಿಕ್ಕತಾಯಮ್ಮನನ್ನು ಆರಿಸಿದರು. ಯಂತ್ರ ಬಲ್ಲವನು ಊರಿಗೆಲ್ಲ ನಾನೊಬ್ಬನೇ. ಇಂಗ್ಲಿಷ್ ಎಷ್ಟು ಬಲ್ಲೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮ್ಯಾಂಚೆಸ್ಟರ್: ಸೆರಗಿನ ಗಂಟು

ವಿಮಾನದಿಂದ ಇಳಿದು ಹೊರಗೆ ಬರುವಾಗ ಒಂದು ನಾಯಿ ಚಿಕ್ಕತಾಯಮ್ಮನ ಮುಂದೆ ಬಂದು ಕೂತಿತು. ಬೊಗಳಲಿಲ್ಲ, ಗುರ್ ಎನ್ನಲಿಲ್ಲ, ಸುಮ್ಮನೆ ಕೂತು ಅವಳ ಮುಖ ನೋಡಿತು. ಹಿಂದೆಯೇ ಒಬ್ಬ ಅಧಿಕಾರಿ ಹೆಂಗಸು ಬಂದಳು. ಏನು ತಂದಿದ್ದೀಯ ಎಂದು ನಾನು ಕೇಳಿದರೆ, "ಏನಿಲ್ಲ ಸಾ, ಒಂದ್ ಇಡಿ ರಾಗಿ ಇಟ್ಟು, ಒಂದ್ ಇಡಿ ಮಣ್ಣು" ಎಂದಳು.

ಮಣ್ಣು! ನಮ್ಮ ಗುಂಡಿಯ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸೆರಗಿನಲ್ಲಿ ಗಂಟು ಹಾಕಿಕೊಂಡು, ಮೈಸೂರಿನಿಂದ ಇಷ್ಟು ದೂರ ಬಂದಿದ್ದಳು. ಅಲ್ಲಿನವರಿಗೆ ತೋರಿಸಿ ಕಾಯಿಲೆ ಏನೆಂದು ಕೇಳಬೇಕು ಎಂಬುದು ಅವಳ ಲೆಕ್ಕ. ಹೊರಗಿನ ಮಣ್ಣು ಆ ದೇಶದೊಳಗೆ ಬರುವಂತಿಲ್ಲವಂತೆ. ಆ ಅಧಿಕಾರಿ ಕೈಗೆ ಗ್ಲೌಸು ಹಾಕಿಕೊಂಡು, ಮಣ್ಣನ್ನು ಹಳದಿ ಚೀಲಕ್ಕೆ ಹಾಕಿ, ಬಾಯಿ ಮುಚ್ಚಿ ಸೀಲು ಒತ್ತಿದಳು. ಮಧ್ಯೆ ನಾಲ್ಕು ಸಲ ಸಾರಿ ಅಂದಳು.

"ಸಾರಿ ಅಂತ ಯೋಳ್ಕಂಡೇ ಕಿತ್ಕಂಡ್ಬುಟ್ಳಲ್ಲ ಸಾ" ಎಂದು ಚಿಕ್ಕತಾಯಮ್ಮ ಕಣ್ಣು ತುಂಬಿಕೊಂಡಳು. "ಒಂದ್ ಇಡಿ ಮಣ್ಗೆ ಇಷ್ಟ್ ಎದ್ರುಕತಾರಾ?"

ನಾನು ಸಮಾಧಾನ ಮಾಡುವ ಬದಲು ಬೈದೆ. ಊರಿನ ಮಾನ ತೆಗೆದೆ ಎಂದೆ. ನಾಯಿ ಇನ್ನೂ ಅಲ್ಲೇ ಕೂತು, ಈಗ ನನ್ನ ಮುಖ ನೋಡುತ್ತಿತ್ತು.

ಮೊದಲ ಮೂರು ದಿನ: ಬತ್ತಿ ಹೊಸೆಯುವ ಗಂಡಸು

ನಾವು ಉಳಿದದ್ದು ಒಂದು ನದಿಯ ಬಯಲಿನ ಹಳ್ಳಿಯಲ್ಲಿ, ಡೆರೆಕ್ ಮತ್ತು ಅವನ ಹೆಂಡತಿ ಜೀನ್ ಅವರ ಮನೆಯಲ್ಲಿ. ಡೆರೆಕ್ ನನ್ನ ವಾರಿಗೆಯವನು. ಜಲ್ಲಿ ಗುಂಡಿಯಲ್ಲಿ ಮಣ್ಣು ತೆಗೆಯುವ, ಮುಚ್ಚುವ ಯಂತ್ರಗಳನ್ನು ನಡೆಸುತ್ತಲೇ ತಲೆ ನರೆಸಿಕೊಂಡವನು. ಕೈ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹೆಬ್ಬೆರಳಿನ ಬುಡದಲ್ಲಿ ನನಗೆ ಎಲ್ಲಿ ಜಡ್ಡು ಕಟ್ಟಿದೆಯೋ ಅವನಿಗೂ ಅಲ್ಲೇ ಕಟ್ಟಿತ್ತು. ಅವನ ಇಂಗ್ಲಿಷ್ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವನಿಗೆ ಕಾಲು ಭಾಗ. ಉಳಿದದ್ದನ್ನು ಕೈ ಸನ್ನೆಯಲ್ಲಿ ತುಂಬಿಕೊಂಡೆವು. ಇಲ್ಲಿ ಅವನ ಮಾತನ್ನು ನನಗೆ ತಿಳಿದ ಹಾಗೆ ಕನ್ನಡಕ್ಕೆ ತಂದಿದ್ದೇನೆ.

ಬೆಳಗ್ಗೆ ಏಳಕ್ಕೆ ಗುಂಡಿಗೆ ಕರೆದುಕೊಂಡು ಹೋದ. ಅರ್ಧ ಗುಂಡಿ ಆಗಲೇ ಹೊಲವಾಗಿತ್ತು, ಕುರಿಗಳು ಮೇಯುತ್ತಿದ್ದವು. ಉಳಿದರ್ಧ ಮುಚ್ಚುವುದು ಬಾಕಿ. ದೊಡ್ಡ ಯಂತ್ರ, ಎರಡು ಟಿಪ್ಪರು, ಮೇಲ್ಮಣ್ಣಿನ ಏರಿ, ಎಲ್ಲ ಸಿದ್ಧ. ಡೆರೆಕ್ ಏರಿಯ ಹತ್ತಿರ ಹೋಗಿ ಒಂದು ಚಿಟಿಕೆ ಮಣ್ಣು ತೆಗೆದು, ಎರಡು ಅಂಗೈ ನಡುವೆ ಇಟ್ಟು ಹೊಸೆದ. ಮಣ್ಣು ಪೆನ್ಸಿಲಿನಷ್ಟು ಸಣ್ಣಗೆ ಉದ್ದವಾಯಿತು. ತಲೆಯಾಡಿಸಿ, ಕೈ ಒರೆಸಿಕೊಂಡು, ಟೀ ಕುಡಿಯಲು ಶೆಡ್ಡಿಗೆ ಹೋದ. ಅವತ್ತಿನ ಕೆಲಸ ಅಷ್ಟೇ.

"ಏನ್ ಸಾ, ಈವಪ್ಪ ಮಣ್ಣಲ್ಲಿ ಬತ್ತಿ ವಸೀತಾವ್ನೆ?" ಎಂದಳು ಚಿಕ್ಕತಾಯಮ್ಮ.

ಎರಡನೆಯ ದಿನವೂ ಬತ್ತಿ, ಟೀ, ರಜ. ಹಿಂದಿನ ವಾರ ಮಳೆ ಬಂದಿತ್ತಂತೆ. ಆದರೆ ಈಗ ಬಿಸಿಲಿದೆಯಲ್ಲ! ಯಂತ್ರವಿದೆ, ಡೀಸೆಲ್ ಇದೆ, ಡ್ರೈವರ್ ಇದ್ದಾನೆ. ಒಂದು ದಿನ ಯಂತ್ರ ಸುಮ್ಮನೆ ನಿಂತರೆ ಮೇಲಿನವರು ನನ್ನ ಚರ್ಮ ಸುಲಿಯುತ್ತಿದ್ದರು. ಇಲ್ಲಿ ಎಲ್ಲರೂ ಶೆಡ್ಡಿನಲ್ಲಿ ಕೂತು ಹಾಲು ಹಾಕಿದ ಕರಿ ನೀರು ಕುಡಿಯುತ್ತ ಆಕಾಶದ ಮಾತಾಡುತ್ತಿದ್ದರು. ಆ ಜನಕ್ಕೆ ಆಕಾಶ ಬಿಟ್ಟರೆ ಮಾತಿಲ್ಲ. ನಮ್ಮಲ್ಲಿ ಊಟ ಆಯಿತಾ ಎನ್ನುವ ಜಾಗದಲ್ಲಿ ಅವರು ಮೋಡ ಇದೆಯಲ್ಲ ಎನ್ನುತ್ತಾರೆ.

ಚಿಕ್ಕತಾಯಮ್ಮ ಸುಮ್ಮನೆ ಕೂರುವವಳಲ್ಲ. ಜೀನ್ ಜತೆ ಹೊಲದ ದಾರಿಯಲ್ಲಿ ತಿರುಗಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು. ಇಲ್ಲಿ ಯಾರ ಹೊಲದಲ್ಲಾದರೂ ಯಾರಾದರೂ ನಡೆಯಬಹುದಂತೆ, ಆದರೆ ಗೆರೆ ಹಾಕಿದ ಹಾಗೆ ಒಂದೇ ದಾರಿಯಲ್ಲಿ. ಗೇಟು ತೆಗೆದವರು ಮುಚ್ಚಿಯೇ ಹೋಗಬೇಕಂತೆ. ನಾಯಿ ಹೇತರೆ ಒಡೆಯ ಚೀಲದಲ್ಲಿ ತುಂಬಿಕೊಂಡು ಮನೆಗೆ ಒಯ್ಯುತ್ತಾನಂತೆ. "ಗೊಬ್ರುಕ್ಕಾ ಅಂತ ಕೇಳ್ದೆ ಸಾ. ಅದ್ಕೂ ಅಲ್ವಂತೆ. ಸುಮ್ನೆ ವತ್ಕಂಡ್ ಓಯ್ತರಂತೆ!" ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಕೈ ಸನ್ನೆಯಲ್ಲೇ ಮೂರು ಗಂಟೆ ಹರಟಿ ಬರುತ್ತಿದ್ದರು. ನನಗೆ ಭಾಷಾಂತರಕ್ಕೂ ಕೆಲಸ ಸಿಗಲಿಲ್ಲ.

ಮೂರನೆಯ ದಿನವೂ ಬತ್ತಿ ಬಂತು. ನಾನು ತಡೆಯಲಾರದೆ ಡೆರೆಕ್‌ಗೆ ಹೇಳಿಯೇಬಿಟ್ಟೆ: ಈ ಮಣ್ಣು ಒಳ್ಳೆ ಹದಕ್ಕೆ ಬಂದಿದೆ, ನಮ್ಮ ಕಡೆ ನೀರು ಹೊಡೆದು ಈ ಹದಕ್ಕೆ ತರುತ್ತೇವೆ, ಈಗ ಒತ್ತಿದರೆ ಕಲ್ಲಿನ ಹಾಗೆ ಕೂರುತ್ತದೆ!

ಡೆರೆಕ್ ಲೋಟ ಕೆಳಗಿಟ್ಟ. "ಹೌದು" ಎಂದ. "ಅದಕ್ಕೇ ಮುಟ್ಟುತ್ತಿಲ್ಲ."

ನಾಲ್ಕನೆಯ ದಿನ: ಕೆಟ್ಟ ಮೂಲೆ

ಆ ಮಾತು ನನ್ನ ತಲೆಯೊಳಗೆ ಹೋಯಿತು, ಆದರೆ ನಾನು ಅದನ್ನು ಅಲ್ಲೇ ಬಾಗಿಲ ಹತ್ತಿರ ನಿಲ್ಲಿಸಿದ್ದೆ. ಒಳಕ್ಕೆ ತಳ್ಳಿದವಳು ಚಿಕ್ಕತಾಯಮ್ಮ. ಬೆಳಗಿನ ತಿಂಡಿಗೆ ಕೂತಾಗ ಫೋನು ತೆಗೆದು ಆ ರಾಗಿ ಬೇರಿನ ಫೋಟೋವನ್ನು ಡೆರೆಕ್ ಮುಂದೆ ಹಿಡಿದಳು. ಮಣ್ಣು ಕಿತ್ತುಕೊಂಡರೂ ಫೋಟೋ ಕಿತ್ತುಕೊಳ್ಳಲು ಯಾವ ನಾಯಿಯಿಂದಲೂ ಆಗಿರಲಿಲ್ಲ.

ಡೆರೆಕ್ ಕನ್ನಡಕ ಹಾಕಿಕೊಂಡು ನೋಡಿದ. ಬ್ರೆಡ್ಡನ್ನು ಅರ್ಧಕ್ಕೇ ಬಿಟ್ಟು ಎದ್ದ. ಬನ್ನಿ ಎಂದು ಕೈ ಮಾಡಿದ.

ಹಸಿರಾಗಿದ್ದ ಹೊಲದ ಈಶಾನ್ಯಕ್ಕೆ ಒಂದು ತುಂಡು ಜಾಗ ಬಡವಾಗಿ, ಬಣ್ಣಗೆಟ್ಟು ಬಿದ್ದಿತ್ತು. ಮಧ್ಯದಲ್ಲಿ ನೀರು ನಿಂತಿತ್ತು. ಡೆರೆಕ್ ಕೈಯಲ್ಲಿ ಎದೆಮಟ್ಟದ ಒಂದು ಕಬ್ಬಿಣದ ಕಂಬಿ, ಮೇಲೆ ಅಡ್ಡ ಹಿಡಿ. ಹಸಿರು ಹೊಲದಲ್ಲಿ ಅದನ್ನು ಊರಿದ. ಬೆಣ್ಣೆಯಲ್ಲಿ ಇಳಿದ ಹಾಗೆ ಹಿಡಿಯವರೆಗೆ ಹೋಯಿತು. ಹತ್ತು ಹೆಜ್ಜೆ ನಡೆದು ಬಡಕಲು ಜಾಗದಲ್ಲಿ ಊರಿದ. ಒಂದು ಗೇಣು ಇಳಿದು ಠಣ್ ಎಂದು ನಿಂತಿತು. ಸಲಿಕೆಯಿಂದ ಅಗೆದು, ಹುಲ್ಲಿನ ಗಡ್ಡೆಯೊಂದನ್ನು ಎತ್ತಿ ತೋರಿಸಿದ. ಬೇರುಗಳೆಲ್ಲ ಗೇಣುದ್ದ ಇಳಿದು, ಗೋಡೆ ಸಿಕ್ಕವರಂತೆ ಅಡ್ಡಕ್ಕೆ ತಿರುಗಿದ್ದವು.

ಚಿಕ್ಕತಾಯಮ್ಮ ಫೋನನ್ನು ಆ ಬೇರಿನ ಪಕ್ಕ ಹಿಡಿದಳು. ಎರಡೂ ಒಂದೇ.

"ಈ ಮೂಲೆ ನನ್ನದು" ಎಂದ ಡೆರೆಕ್. "ಚಿಕ್ಕ ವಯಸ್ಸು, ಅವಸರ. ಮಳೆಯಲ್ಲಿ ಮಣ್ಣು ಹಾಕಿ, ಅದರ ಮೇಲೆ ಯಂತ್ರ ಓಡಿಸಿ, ಚೆಂದವಾಗಿ ಸಮ ಮಾಡಿದೆ. ಎಲ್ಲರೂ ಹೊಗಳಿದರು. ಮಣ್ಣಿನೊಳಗೆ ಗಾಳಿ ಓಡಾಡುವ ಸಂದೇ ಇಲ್ಲದ ಹಾಗೆ ಕೊಂದುಬಿಟ್ಟಿದ್ದೆ. ಆಮೇಲೆ ಸರಿಮಾಡುತ್ತೇವೆ ಅಂದರು, ನಾನೇ ಬೇಡ ಅಂದೆ. ಬಂದವರಿಗೆಲ್ಲ ಮೊದಲು ಇದನ್ನೇ ತೋರಿಸುತ್ತೇನೆ."

ಇದು ಅವನ ಪದ್ಧತಿ. ಗುಂಡಿ ನೋಡಲು ಯಾರೇ ಬರಲಿ, ಶಾಲೆಯ ಮಕ್ಕಳಾಗಲಿ, ದೊಡ್ಡ ಅಧಿಕಾರಿಯಾಗಲಿ, ಮೊದಲು ಕೆಟ್ಟ ಮೂಲೆ, ಆಮೇಲೆ ಒಳ್ಳೆಯ ಹೊಲ. ನಮಗೆ ಮಾತ್ರ ಮಳೆ ಬಿದ್ದು ಅಲ್ಲಿ ಕೆಸರಾಗಿದೆ ಎಂದು ಮೂರು ದಿನ ತಡೆದಿದ್ದನಂತೆ. ನಾವಾದರೆ ಏನು ಮಾಡುತ್ತೇವೆ? ಮಂತ್ರಿ ಬರುವ ರಸ್ತೆಗೆ ಮಾತ್ರ ಡಾಂಬರು ಬಳಿಯುತ್ತೇವೆ. ನಾನೇ ಬಳಿದಿದ್ದೇನೆ.

ಚಿಕ್ಕತಾಯಮ್ಮ ಆ ಮಣ್ಣನ್ನು ಬೆರಳಿನಲ್ಲಿ ತಿಕ್ಕಿ ಮೂಸಿದಳು. "ನಮ್ ತವರಲ್ಲಿ ಗದ್ದೆಗೆ ಕೆಸ್ರು ತುಳೀತೀವಲ್ಲ ಸಾ, ಅಂಗೇ ಆಗದೆ. ಗದ್ದೆಗಾದ್ರೆ ಸರಿ, ನೀರು ನಿಲ್ಬೇಕು. ಒಲಕ್ಕೆ ಯಾರ್ ಸಾ ಕೆಸ್ರು ತುಳೀತಾರೆ?"

ಯಾರು ತುಳಿಯುತ್ತಾರೆ! ಹತ್ತು ಟನ್ನಿನ ಕಬ್ಬಿಣದ ಕಾಲಿನಲ್ಲಿ, ನೀರು ಹೊಡೆದು ಹೊಡೆದು, ಪದರ ಪದರವಾಗಿ ತುಳಿದವನು ಅವಳ ಪಕ್ಕದಲ್ಲೇ ನಿಂತಿದ್ದ. ಒದ್ದೆ ಮಣ್ಣು ಒತ್ತಿದರೆ ಕಲ್ಲಾಗುತ್ತದೆ ಎಂದು ಈ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. ನನ್ನ ವಿದ್ಯೆಯನ್ನು ಮಗುಚಿ ಹಾಕಿದ್ದರೆ ಸಾಕಿತ್ತು.

ಹೇಳದೆ ಇರಬಹುದಿತ್ತು. ಆದರೆ ಡೆರೆಕ್ ಅಷ್ಟು ಸಲೀಸಾಗಿ ನನ್ನದು ಎಂದಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಚಿಕ್ಕತಾಯಮ್ಮ, ನಿಮ್ಮ ಮಣ್ಣಿಗೆ ಏನೂ ಆಗಿರಲಿಲ್ಲ ಕಣಮ್ಮ. ನಾನು ಕೆಡಿಸಿದ್ದು. ನನ್ನ ರೋಲರು ಕೆಡಿಸಿದ್ದು" ಎಂದೆ.

ಅವಳು ಕೈಗೆ ಅಂಟಿದ್ದ ಮಣ್ಣು ಕೊಡವಿ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಎರಡು ವರ್ಷ ಹನ್ನೊಂದು ಮನೆಯವರು ಬಿತ್ತಿ ಬಿತ್ತಿ ಸೋತಿದ್ದರಲ್ಲ, ಬೈದರೆ ನ್ಯಾಯವೇ. ಆದರೆ ಅವಳ ಮುಖ ಅರಳತೊಡಗಿತು.

"ಅಂಗಾರೆ ಮಣ್ಣು ಸತ್ತಿಲ್ವಾ ಸಾ?"

"ಸತ್ತಿಲ್ಲ."

"ಅಯ್ಯೋ, ನೀವ್ ಕೆಡ್ಸಿದ್ರೆ ಕೆಡ್ಸ್ಕಳಿ ಬುಡಿ ಸಾ! ಮನ್ಸ ಕೆಡ್ಸಿದ್ದನ್ನ ಮನ್ಸ ಸರಿ ಮಾಡ್ಬೋದು. ದೇವ್ರು ಕೆಡ್ಸಿದ್ರೆ ಏನ್ ಮಾಡ್ತಿದ್ವಿ?" ಎಂದು ಜೋರಾಗಿ ನಕ್ಕಳು. ಏನೆಂದು ಅರ್ಥವಾಗದೆ ಡೆರೆಕ್ ಕೂಡ ನಕ್ಕ.

ಆರನೆಯ ದಿನ: ಹಿಂದಕ್ಕೆ ನಡೆಯುವ ಯಂತ್ರ

ಆರನೆಯ ದಿನ ಬೆಳಗ್ಗೆ ಬತ್ತಿ ಹೊಸೆದರೆ ಮಣ್ಣು ಪುಡಿಪುಡಿಯಾಗಿ ಉದುರಿತು. ಶೆಡ್ಡಿನಲ್ಲಿದ್ದವರೆಲ್ಲ ಲೋಟ ಬಿಟ್ಟು ಓಡಿದರು. ಆಮೇಲೆ ನೋಡಿದ ಕೆಲಸ ನಾನು ಜನ್ಮದಲ್ಲಿ ನೋಡಿರಲಿಲ್ಲ.

ಟಿಪ್ಪರು ಮತ್ತು ಯಂತ್ರ ಎರಡೂ ಗುಂಡಿಯ ಬರಿ ತಳದ ಮೇಲೆ ನಿಲ್ಲುತ್ತವೆ. ಡೆರೆಕ್ ಮೊದಲು ಯಂತ್ರಕ್ಕೆ ಸಿಕ್ಕಿಸಿದ ಉದ್ದ ಕಬ್ಬಿಣದ ಹಲ್ಲಿನಿಂದ ತಳವನ್ನು ಸೀಳುತ್ತಾನೆ. ಆಮೇಲೆ ಯಂತ್ರದ ತೋಳು ಎಟುಕುವಷ್ಟು ಅಗಲಕ್ಕೆ ಕೆಳಮಣ್ಣು, ಅದರ ಮೇಲೆ ಮೇಲ್ಮಣ್ಣು, ರೊಟ್ಟಿಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಹಗುರಾಗಿ ಹಾಕುತ್ತಾನೆ. ಬಕೆಟ್ಟಿನಿಂದ ತಟ್ಟುವುದಿಲ್ಲ, ಒರೆಸುವುದಿಲ್ಲ. ಒಂದು ಪಟ್ಟಿ ಮುಗಿದರೆ ಹಿಂದಕ್ಕೆ ಸರಿದು ಮುಂದಿನ ಪಟ್ಟಿ. ಹಾಕಿದ ಮಣ್ಣಿನ ಮೇಲೆ ಚಕ್ರವಿರಲಿ, ಒಂದು ಬೂಟಿನ ಗುರುತೂ ಬೀಳಕೂಡದು. ಮುಗಿದ ಪಟ್ಟಿ ಉಬ್ಬುತಗ್ಗಾಗಿ, ಹೆಂಟೆ ಹೆಂಟೆಯಾಗಿ, ಹಂದಿ ಗೂರಾಡಿದ ಹಾಗೆ ಕಾಣುತ್ತದೆ. ನನ್ನ ಕೈಕೆಳಗಿನವರು ಹಾಗೆ ಬಿಟ್ಟಿದ್ದರೆ ಮನೆಗೆ ಕಳಿಸುತ್ತಿದ್ದೆ.

ಮಧ್ಯಾಹ್ನದ ಮೇಲೆ ಡೆರೆಕ್ ಇಳಿದು, ನನಗೆ ಸೀಟು ತೋರಿಸಿದ. ಹತ್ತಿದೆ. ಕೈ ಹಿಡಿತ ಮರೆತಿರಲಿಲ್ಲ. ಮೊದಲ ಬಕೆಟ್ಟು ಮಣ್ಣು ಹಾಕಿದೆ, ಎರಡನೆಯದು ಹಾಕಿದೆ, ಮೂರನೆಯದು ಹಾಕಿ, ನನಗೇ ತಿಳಿಯದ ಹಾಗೆ ಬಕೆಟ್ಟಿನ ಬೆನ್ನಿನಿಂದ ಎರಡು ಸಲ ತಟ್ಟಿಬಿಟ್ಟೆ. ಮೂವತ್ತೊಂದು ವರ್ಷದ ಅಭ್ಯಾಸ! ಕೆಳಗಿದ್ದವರೆಲ್ಲ ಒಂದೇ ಬಾಯಿಗೆ ಕೂಗಿಕೊಂಡರು. ಎಲ್ಲರಿಗಿಂತ ಮೇಲೆ ಕೇಳಿಸಿದ್ದು ಕನ್ನಡ.

"ತಟ್ಬ್ಯಾಡಿ ಸಾ! ಮಗೀನ ಮಲುಗುಸ್ತಿದ್ದೀರಾ? ಏಳ್ಬೇಕು ಕಣ್ ಸಾ ಅದು, ಏಳ್ಬೇಕು!"

ಹೊರಡುವ ದಿನ: ಕಂಬಿ

ಡೆರೆಕ್ ತನ್ನ ಕಂಬಿಯನ್ನೇ ನನಗೆ ಕೊಟ್ಟ. ಬೇಡವೆಂದರೂ ಕೇಳಲಿಲ್ಲ. ಅವಸರ ಮಾಡಬೇಡಿ, ಮೊದಲ ವರ್ಷವೇ ಬಂಗಾರ ಬೆಳೆಯಲು ಹೋಗಬೇಡಿ, ಬೇರು ಆಳಕ್ಕೆ ಹೋಗುವಂಥದ್ದನ್ನು ಹಾಕಿ ಉತ್ತುಬಿಡಿ, ಕುರಿ ಬಿಡಿ ಎಂದ. ಕುರಿ ಎಂದದ್ದಕ್ಕೆ ಚಿಕ್ಕತಾಯಮ್ಮನಿಗೆ ಖುಷಿಯೋ ಖುಷಿ. ನಮ್ಮಲ್ಲೂ ಹೊಲಕ್ಕೆ ಕುರಿ ಮಂದೆ ತಂಗಿಸುತ್ತೇವೆ ಎಂದು ಹೇಳಿಸಿದಳು. ಜೀನ್ ಅವಳನ್ನು ತಬ್ಬಿಕೊಂಡು ಅತ್ತಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಬುದ್ಧಿ ಹೇಳಿಕೊಂಡರು.

ಕಂಬಿ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು ಹೋದೆ. ಚೂಪು ತುದಿಯ ಎದೆಮಟ್ಟದ ಕಬ್ಬಿಣ ಹಿಡಿದು ವಿಮಾನ ಹತ್ತಲು ಬಂದ ಮುದುಕನನ್ನು ಅಲ್ಲಿನವರು ಹೇಗೆ ನೋಡಿರಬೇಕು! ಇದು ಮಣ್ಣಿನ ನಾಡಿ ನೋಡುವುದಕ್ಕೆ ಎಂದು ವಿವರಿಸಿದೆ. ಸಾರಿ ಎಂದು ತೆಗೆದಿಟ್ಟುಕೊಂಡರು. ಹೋಗುವಾಗ ಮಣ್ಣು, ಬರುವಾಗ ಕಂಬಿ. ಚಿಕ್ಕತಾಯಮ್ಮ ವಿಮಾನದಲ್ಲಿ ಕೂತು ಬೆಲ್ಟು ಕಟ್ಟಿಕೊಂಡ ಮೇಲೆ, "ಊರಿನ್ ಮಾನ ತಗುದ್ರಲ್ಲ ಸಾ" ಎಂದು ಕಿಟಕಿಯ ಕಡೆ ತಿರುಗಿ ನಕ್ಕಳು.

ಮತ್ತೆ ಊರು: ಬಂದ ಯಂತ್ರವನ್ನು ವಾಪಸ್ ಕಳಿಸಿದ್ದು

ಮೇ ತಿಂಗಳು. ಊರಿಗೆ ಬಂದು ಹನ್ನೊಂದು ಮನೆಯವರ ಮುಂದೆ ನಿಂತು, ಕೆಡಿಸಿದವನು ನಾನು ಎಂದು ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಸ್ವಲ್ಪ ಸುಲಭವಾಗಿತ್ತು. ಕೆಲವರು ಗೊಣಗಿದರು. ಒಬ್ಬ ಹಳೆಯ ಹಾರದ ಫೋಟೋ ನೆನಪಿಸಿದ. ಕೊನೆಗೆ ನೆಲ ಸೀಳಿಸಲು ಒಪ್ಪಿದರು.

ಜೆಸಿಬಿ ಸಿಕ್ಕುವುದೇ ಕಷ್ಟದ ಕಾಲ. ಅದು ಬಂದ ದಿನದ ಹಿಂದಿನ ಸಂಜೆ ಒಳ್ಳೆಯ ಮಳೆ ಹೊಡೆಯಿತು. ಬೆಳಗ್ಗೆ ಎಲ್ಲರೂ ಬಂದು ನಿಂತಿದ್ದಾರೆ, ಡ್ರೈವರ್ ಇಂಜಿನ್ ಹಚ್ಚಿದ್ದಾನೆ. ನಾನು ಒಂದು ಚಿಟಿಕೆ ಮಣ್ಣು ತೆಗೆದು ಹೊಸೆದೆ. ಉದ್ದನೆಯ ಬತ್ತಿ ಬಂತು.

"ಇವತ್ತು ಬೇಡ. ವಾಪಸ್ ಹೋಗಪ್ಪ" ಎಂದೆ.

ಅಬ್ಬಾ, ಆ ಕೂಗಾಟ! ತಾಲ್ಲೂಕಿನವರು ಬರುವ ಹೊತ್ತಿಗೆ ಬೆಳೆ ನಿಲ್ಲದಿದ್ದರೆ ಜಮೀನೇ ಹೋಗುತ್ತದೆ, ಸಿಕ್ಕ ಯಂತ್ರವನ್ನು ಕಳಿಸುತ್ತೀರಾ, ಇನ್ನೊಂದು ಸಲ ನಮ್ಮನ್ನು ಮುಳುಗಿಸುತ್ತೀರಾ ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಚಿಕ್ಕತಾಯಮ್ಮ ಜೆಸಿಬಿಯ ಮುಂದೆ ಹೋಗಿ ಕೂತಳು.

"ಬತ್ತಿ ಬಂದದೆ. ಮುಟ್ಟಂಗಿಲ್ಲ. ಒಣುಗ್ಲಿ, ಆಮ್ಯಾಕ್ ಬಾ ಓಗಪ್ಪ" ಎಂದಳು. "ನಂದೂ ಅದ್ರಲ್ಲಿ ಒಂದ್ ಪಾಲದೆ. ಓದ್ರೆ ನಂದೂ ಓಯ್ತದೆ."

ನಾಲ್ಕು ದಿನ ಆಕಾಶ ನೋಡುತ್ತ ಕೂತೆವು. ನಾವೂ ಮೋಡದ ಮಾತೇ ಆಡಿದೆವು. ಐದನೆಯ ದಿನ ಮಣ್ಣು ಕೈಯಲ್ಲಿ ಪುಡಿಯಾಯಿತು, ಜೆಸಿಬಿ ಮತ್ತೆ ಬಂತು. ಮೇಲ್ಮಣ್ಣನ್ನು ಪಟ್ಟಿ ಪಟ್ಟಿಯಾಗಿ ಸರಿಸಿ, ನನ್ನ ರೋಲರು ಕಟ್ಟಿದ್ದ ಗಟ್ಟಿ ಪದರವನ್ನು ಹಲ್ಲಿನಿಂದ ಸೀಳಿ, ಮೇಲ್ಮಣ್ಣನ್ನು ಹಗುರಾಗಿ ಮೇಲೆ ಹಾಕಿ, ಹಿಂದಕ್ಕೆ ಹಿಂದಕ್ಕೆ ನಡೆದೆವು. ಆ ಪದರ ಒಡೆಯುವಾಗ ಹಪ್ಪಳ ಮುರಿದ ಸದ್ದು. ಎಂಥ ಗಟ್ಟಿ ಕೆಲಸ ಮಾಡಿದ್ದೆನಪ್ಪ ಎಂದು ಒಳಗೊಳಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮೂಡಣ ಮೂಲೆಯ ಒಂದು ತುಂಡನ್ನು ಮಾತ್ರ, ಮೇಲ್ಮಣ್ಣು ಸರಿಸಿ ಗಟ್ಟಿ ಪದರ ಕಾಣುವ ಹಾಗೆ, ಸೀಳದೆ ಬಿಡಿ ಎಂದೆ. ಬಂದವರಿಗೆ ತೋರಿಸಲು ನನಗೂ ಒಂದು ಕೆಟ್ಟ ಮೂಲೆ ಬೇಕಿತ್ತು.

ಹಸಿರು ಗೊಬ್ಬರಕ್ಕೆಂದು ಅಪ್ಸೆಣಬು ಬೀಜ ಚೆಲ್ಲಿದೆವು. ಎದೆಮಟ್ಟ ಬಂದದ್ದನ್ನು ಹೂವಾಗುವ ಮೊದಲೇ ಮಣ್ಣಿಗೆ ಉತ್ತೆವು. ಕೆರೆಯ ಗೋಡು ಮಣ್ಣು ಹೊಡೆಸಿ, ಕುರಿ ಮಂದೆ ತಂಗಿಸಿ, ಆಮೇಲೆ ರಾಗಿ ಪೈರು ನಾಟಿ ಮಾಡಿದೆವು. ಹೆಂಗಸರು ಸಾಲಿನಲ್ಲೇ ನಡೆಯಬೇಕು, ಹಾದಿ ತಪ್ಪಿ ಮೆಟ್ಟಿದವರಿಗೆ ಚಿಕ್ಕತಾಯಮ್ಮನ ಬೈಗುಳ. ಊರಿನ ಕಮ್ಮಾರನ ಹತ್ತಿರ ಡೆರೆಕ್‌ನ ಕಂಬಿಯಂಥದ್ದೇ ಒಂದನ್ನು ಬಡಿಸಿಕೊಂಡೆ. ದಿನಾ ಬೆಳಗ್ಗೆ ಹೋಗಿ ಒಂದು ಕಡೆ ಊರುವುದು, ಹಿಡಿಯವರೆಗೆ ಇಳಿದದ್ದನ್ನು ನೋಡಿ ಮನೆಗೆ ಬರುವುದು, ಇದೇ ನನ್ನ ಸಂಧ್ಯಾವಂದನೆಯಾಯಿತು.

ಕಾರ್ತಿಕ: ಪಾಳೋ, ಅಲ್ಲವೋ

ರೆವಿನ್ಯೂ ಇನ್ಸ್‌ಪೆಕ್ಟರು ಬಂದ ದಿನ ರಾಗಿ ತೆನೆ ಮಡಚಿ ನಿಂತಿತ್ತು. ಬನ್ನೂರು ಕಡೆಯ ನೀರಾವರಿ ಜನ ನೋಡಿದರೆ ಇದೂ ಒಂದು ಬೆಳೆಯೇ ಎಂದು ಮೂಗು ಮುರಿದಾರು. ಆದರೆ ಸೊಂಟದ ಹತ್ತಿರ ಬಂದ ಹಸಿರು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಾಳಿಗೆ ಬಾಗುತ್ತಿತ್ತು. ಹನ್ನೊಂದು ಮನೆಯವರೂ ಬದುವಿನ ಮೇಲೆ ಸಾಲಾಗಿ ನಿಂತಿದ್ದರು.

ಸಾಹೇಬರು ಕಂಬಿ ನೋಡಿ ಇದೇನೆಂದರು. ಊರಿ ನೋಡಿ ಎಂದು ಕೊಟ್ಟೆ. ಬಲ ಹಾಕಿ ಊರಲು ಹೋದರು. ಕಂಬಿ ಒಮ್ಮೆಗೇ ಹಿಡಿಯವರೆಗೆ ಇಳಿದು, ಅವರೇ ಮುಗ್ಗರಿಸಿ ರಾಗಿಯೊಳಗೆ ಬೀಳುವುದರಲ್ಲಿದ್ದರು. ಚಿಕ್ಕತಾಯಮ್ಮ ಒಂದು ಪೈರು ಕಿತ್ತು ತೋರಿಸಿದಳು. ಬಿಳಿ ಬೇರು ನೆಟ್ಟಗೆ ಕೆಳಕ್ಕೆ ಇಳಿದಿತ್ತು. ಸಾಹೇಬರು ಕಾಗದದ ಮೇಲೆ ಬರೆಯುತ್ತ ಹೊಲದ ಅಂಚಿನಲ್ಲಿ ನಡೆದರು. ಮೂಡಣ ಮೂಲೆಗೆ ಬಂದು ನಿಂತರು.

"ಇದೇನ್ರೀ, ಇಲ್ಲಿ ಒಂದು ಕಡ್ಡಿ ಇಲ್ಲ? ಇಷ್ಟನ್ನ ಪಾಳು ಅಂತ ಬರೀಬೇಕಾಗುತ್ತೆ."

ಬದುವಿನ ಮೇಲಿದ್ದವರ ಮುಖ ಕಪ್ಪಿಟ್ಟಿತು. ನನ್ನ ಕೆಟ್ಟ ಮೂಲೆಯ ಹುಚ್ಚಿಗೆ ಅವರ ಜಮೀನು ಮತ್ತೆ ಸಿಕ್ಕಿಬಿದ್ದಿತ್ತು. ನಾನು ಮುಂದೆ ಹೋದೆ. "ಸಾರ್, ಇದು ಅವರ ತಪ್ಪಲ್ಲ. ಇದು ನನ್ನದು" ಎಂದು ಶುರು ಮಾಡಿದೆ. ಅಷ್ಟರಲ್ಲಿ ಚಿಕ್ಕತಾಯಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಆ ಗಟ್ಟಿ ನೆಲದ ಮಧ್ಯೆ ಹೋಗಿ ನಿಂತಳು. ಅಂಗಾಲಿನಿಂದ ಎರಡು ಸಲ ಬಡಿದಳು. ಟಪ್ ಟಪ್ ಎಂದಿತು.

"ಪಾಳ್ ಎಲ್ ಬಂತು ಸಾ? ಇದು ಕಣ! ರಾಗಿ ಬೆಳುದ್ರೆ ಬಡಿಯಕ್ಕೆ ಕಣ ಬ್ಯಾಡ್ವಾ? ಎಲ್ಲ್ರೂ ರೋಡ್ ಮ್ಯಾಲ್ ಆಕಿ ಬಸ್ಸು ಲಾರಿ ತಾವ ತುಳುಸ್ತಾರೆ. ನಾವ್ ಅಂಗೆ ಗತಿಗೆಟ್ಟಿಲ್ಲ. ನೋಡಿ, ಒಂದ್ ಬಿರುಕು ಅದಾ? ಒಂದ್ ಕಲ್ಲು ಎದ್ದದಾ? ಮೂರ್ ವರ್ಸದ್ ಮಳೆ ಉಯ್ದದೆ ಇದ್ರ ಮ್ಯಾಲೆ. ಇಂತ ಕಣ ಇಡೀ ಓಬ್ಳೀಲೇ ಇಲ್ಲ ಸಾ. ಮಾಡ್ದೋರು ಯಾರು ಅನ್ಕಂಡ್ರಿ? ನಮ್ ರೋಲರ್ ಸಾ!"

ಸಾಹೇಬರು ಬಗ್ಗಿ, ಆ ನೆಲವನ್ನು ಗೆಣ್ಣಿನಿಂದ ತಟ್ಟಿ ನೋಡಿದರು. ನಕ್ಕರು. ನಿಂತಲ್ಲೇ ಬರೆದು, ಓದಿ ಹೇಳಿದರು: ಪೂರ್ತಿ ಸಾಗುವಳಿಯಲ್ಲಿದೆ, ಕಣ ಸಮೇತ. ಬದುವಿನ ಮೇಲಿನಿಂದ ಎದ್ದ ಕೂಗಿಗೆ ಕೆರೆಯ ಕಡೆಯ ಬೆಳ್ಳಕ್ಕಿಗಳು ಹಾರಿದವು. ನಾನು ಅತ್ತೆ. ಬಿಸಿಲು ಎಂದು ಮುಖ ಒರೆಸಿಕೊಂಡೆ, ಯಾರೂ ನಂಬಲಿಲ್ಲ.

ಆ ಮೂಲೆಯ ಫೋಟೋ ತೆಗೆದು, ರಾಗಿ ಮೆದೆಯ ಸಮೇತ ಡೆರೆಕ್‌ಗೆ ಕಳಿಸಿದೆ. ಅವನು, ನನ್ನ ಮೂಲೆಗೆ ಇಷ್ಟು ವರ್ಷವಾದರೂ ಒಂದು ಕೆಲಸ ಸಿಕ್ಕಿಲ್ಲ, ನಿನ್ನದಕ್ಕೆ ಒಂದೇ ವರ್ಷಕ್ಕೆ ಸಿಕ್ಕಿತಲ್ಲ ಎಂದು ಬರೆದ. ಉತ್ತರ ಬರೆಯಲು ಕೂತಿದ್ದಾಗ ಹೊರಗಿನಿಂದ ಕೂಗು ಬಂತು, ಎದ್ದು ಹೋದೆ. ಹೊಸ ಕಣದ ಮೇಲೆ ಹನ್ನೊಂದು ಮನೆಯ ರಾಗಿ ಹರಡಿತ್ತು, ಕಟ್ಟಿದ್ದ ಎತ್ತುಗಳ ಹಿಂದೆ, ತೆನೆಯ ಮೇಲೆ ಉರುಳಿಸುವ ರೋಣಗಲ್ಲು ಕಾಯುತ್ತಿತ್ತು. ಚಿಕ್ಕತಾಯಮ್ಮ ಹಗ್ಗವನ್ನು ನನ್ನ ಕೈಗೆ ಹಾಕಿದಳು.

"ಇಲ್ಲಿ ಎಷ್ಟ್ ಬೇಕಾರೂ ಒತ್ತಿ ಸಾ. ಯಾರೂ ಬ್ಯಾಡ ಅನ್ನಲ್ಲ."